ಗಾಳಿಗೂ ಬೆಲೆಯುಂಟು: ಕಾರ್ಖಾನೆಗಳ ಸಂಪೀಡಿತ ವಾಯುವನ್ನು ಕುರಿತು

ಬೆಂಗಳೂರಿನಿಂದ ಹೈದರಾಬಾದಿಗೆ ಹೋಗುವ ಹೆದ್ದಾರಿಯು ಬಾಗೇಪಲ್ಲಿಯನ್ನು ಹಿಂದೆ ಬಿಟ್ಟು, ಕರ್ನಾಟಕದ ಎಲ್ಲೆಯನ್ನು ಕಳೆದು, ಆಂಧ್ರಪ್ರದೇಶವನ್ನು ಹೊಗುವೆಡೆಯಲ್ಲಿ ಕೊಡಿಕೊಂಡವೆಂಬ ಊರಿದೆ. ಅಲ್ಲಿಂದ ಪಶ್ಚಿಮಕ್ಕೆ ಹೊರಳಿದ ದಾರಿಯು ಲೇಪಾಕ್ಷಿಯ ಮಾರ್ಗವಾಗಿ ಹಿಂದೂಪುರವನ್ನು ಮುಟ್ಟುತ್ತದೆ. ಉತ್ತರಕ್ಕೆ ನೆಟ್ಟಗೆ ಸಾಗಿದ ದಾರಿಯು ಪೆನುಕೊಂಡೆಯ ಕಡೆಗೆ ನಡೆಯುತ್ತದೆ. ಲೇಪಾಕ್ಷಿಯ ವೀರಭದ್ರ ದೇವಾಲಯದ ಕನ್ನಡ ಶಾಸನಗಳನ್ನು ಕಂಡವರಿಗೆ ಈ ಸೀಮೆಯ ನುಡಿಯ ನಂಟನ್ನು ಬೇರೆಯಾಗಿ ಹೇಳಬೇಕಾದುದಿಲ್ಲ. ಮಳೆ ಕಡಮೆಯಾದ, ನೆಲಗಡಲೆಯನ್ನೂ ರೇಷ್ಮೆಯನ್ನೂ ನಂಬಿ ಬಾಳಿದ ಈ ನಾಡಿನಲ್ಲಿ ಈಚಿನ ದಶಕಗಳಲ್ಲಿ ಯಂತ್ರಗಳ ಬೆಳೆಯೂ ತಲೆಯೆತ್ತಿದೆ: ಹಿಂದೂಪುರದ ಮಗ್ಗುಲಿನ ತೂಮುಕುಂಟ, ಗೊಲ್ಲಾಪುರಗಳ ಕೈಗಾರಿಕಾ ಪ್ರದೇಶಗಳು, ಪೆನುಕೊಂಡೆಯ ಬಳಿಯ ಯರ್ರಮಂಚಿಯಲ್ಲಿ 2019ರಲ್ಲಿ ಉತ್ಪಾದನೆಯನ್ನಾರಂಭಿಸಿದ ಕಿಯಾ ಕಾರುಗಳ ಕಾರ್ಖಾನೆ, ಗಡಿಯ ಈಚೆಗೆ ಗೌರಿಬಿದನೂರಿನ ಕೈಗಾರಿಕೆಗಳು, ತೊಂಡೆಬಾವಿಯ ಸಿಮೆಂಟು ಕಾರ್ಖಾನೆ, ಇನ್ನೂ ದಕ್ಷಿಣಕ್ಕೆ ದೊಡ್ಡಬಳ್ಳಾಪುರದ ಮಗ್ಗಗಳು. ಮಾಡುವ ವಸ್ತು ಬೇರೆ ಬೇರೆಯಾದರೂ ಈ ಉದ್ಯಮಗಳಲ್ಲಿ ಒಂದು ಸಾಮಗ್ರಿ ಮಾತ್ರ ಎಲ್ಲೆಲ್ಲಿಯೂ ಒಂದೇ. ಅದಾವುದೆಂದರೆ, ಒತ್ತಿ ತುಂಬಿದ ಗಾಳಿ.

ಹೆದ್ದಾರಿಯ ಬದಿಯ ಪಂಕ್ಚರ್ ಅಂಗಡಿಯಲ್ಲಿ ಲಾರಿಯ ಟೈರಿಗೆ ತುಂಬುವುದೂ ಅದೇ. ಕಲ್ಯಾಣದುರ್ಗದ ಹೊಲದಲ್ಲಿ ರಾತ್ರಿಯೆಲ್ಲ ಮೊರೆಯುತ್ತ ನಿಂತ ಬೋರ್‌ವೆಲ್ ಲಾರಿಯು, ನೂರಾರು ಅಡಿಗಳ ಆಳದಲ್ಲಿ ಸುತ್ತಿಗೆಯನ್ನು ಬಡಿಸಿ, ಬಡಿದ ಕಲ್ಲಿನ ಪುಡಿಯನ್ನು ಮೇಲಕ್ಕೆ ಚಿಮ್ಮಿಸುವುದೂ ಅದರಿಂದಲೇ. ಕಾರ್ಖಾನೆಯೊಳಗೆ ಅದು ಬಣ್ಣವನ್ನು ಸಿಂಪಡಿಸುತ್ತದೆ, ಬೋಲ್ಟನ್ನು ತಿರುಪುತ್ತದೆ, ಸಿಲಿಂಡರಿನ ದಂಡವನ್ನು ಮುಂದಕ್ಕೂ ಹಿಂದಕ್ಕೂ ದೂಡುತ್ತದೆ, ಸಿಮೆಂಟಿನ ಧೂಳು ಹಿಡಿದ ಚೀಲಗಳನ್ನು ಕೊಡವುತ್ತದೆ. ಏರ್‌ಜೆಟ್ ಮಗ್ಗದಲ್ಲಿ ಲಾಳಿಯ ಕೆಲಸವನ್ನು ತಾನೇ ವಹಿಸಿಕೊಂಡು ಹಾಸಿನ ನಡುವೆ ಹೊಕ್ಕಿನ ನೂಲನ್ನು ಹಾಯಿಸುತ್ತದೆ. ಇಷ್ಟೆಲ್ಲ ಸೇವೆ ಸಲ್ಲಿಸುವ ಈ ವಸ್ತುವಿಗೆ ಕಾರ್ಖಾನೆಯ ಲೆಕ್ಕದ ಪುಸ್ತಕದಲ್ಲಿ ಪ್ರತ್ಯೇಕವಾದ ಒಂದು ಕಲಮು ಇರುವುದು ಅಪರೂಪ. ನೀರು ಸೋರಿದರೆ ನೆಲ ಒದ್ದೆಯಾಗುತ್ತದೆ. ಎಣ್ಣೆ ಸೋರಿದರೆ ಕಾಲು ಜಾರುತ್ತದೆ. ಆವಿ ಸೋರಿದರೆ ಮೈ ಸುಡುತ್ತದೆ. ಗಾಳಿ ಸೋರಿದರೆ ಮಾತ್ರ ಒಂದು ಸಣ್ಣ ಸುಯ್ಯೆಂಬ ಸದ್ದಿನ ಹೊರತು ಮತ್ತೇನೂ ಕಾಣದು, ಆ ಸದ್ದನ್ನೂ ಯಂತ್ರಗಳ ಗದ್ದಲವು ನುಂಗಿಬಿಡುತ್ತದೆ. ಆಕಾಶದಲ್ಲಿ ಪುಕ್ಕಟೆಯಾಗಿ ದೊರೆಯುವ ಗಾಳಿಯು ಕೊಳವೆಯನ್ನು ಹೊಕ್ಕ ಮೇಲೂ ಪುಕ್ಕಟೆಯಾಗಿಯೇ ಉಳಿದಿದೆಯೆಂಬ ಭ್ರಾಂತಿಯೇ ಈ ವಿಷಯದಲ್ಲಿ ನಡೆಯುವ ಸಮಸ್ತ ಅಪವ್ಯಯಕ್ಕೂ ಮೂಲ.

ಕಮ್ಮಾರನ ತಿದಿಯಿಂದ ಮೊದಲಾದ ಗಾಳಿಯ ದುಡಿಮೆಯು ಮಹಾಶಕ್ತಿಯ ಪದವಿಗೇರಿದುದು ಹತ್ತೊಂಬತ್ತನೆಯ ಶತಮಾನದಲ್ಲಿ. ಆಲ್ಪ್ಸ್ ಪರ್ವತದ ಒಡಲನ್ನು ಭೇದಿಸಿ ಫ್ರಾನ್ಸ್ ಇಟಲಿಗಳನ್ನು ರೈಲಿನಿಂದ ಜೋಡಿಸಿದ ಮೊಂಸೆನಿ ಸುರಂಗದ ಕೆಲಸ 1857ರಲ್ಲಿ ಆರಂಭವಾದಾಗ ಅದನ್ನು ಕೈಯ ಉಳಿಯಿಂದಲೇ ಕೊರೆಯುತ್ತಿದ್ದರು. ಕೆಲವು ವರ್ಷಗಳ ತರುವಾಯ ಸೊಮೆಯೆ ಎಂಬ ಎಂಜಿನಿಯರು ಸಂಪೀಡಿತ ವಾಯುವಿನಿಂದ ನಡೆಯುವ ಬೈರಿಗೆಗಳನ್ನು ಒಳಗೆ ತಂದಮೇಲೆ ಕೆಲಸವು ವೇಗಗೊಂಡು, 1871ರಲ್ಲಿ ಸುರಂಗವು ತೆರೆಯಿತು. ಆ ಬೈರಿಗೆಯ ಸಂತತಿಯೇ ಅನಂತರ ಲೋಕದ ಗಣಿಗಳನ್ನೆಲ್ಲ ಹೊಕ್ಕಿತು. ನಮ್ಮ ಕೋಲಾರದ ಚಿನ್ನದ ಗಣಿಗಳಲ್ಲಿಯೂ ಕಲ್ಲನ್ನು ಕೊರೆದುದು ಗಾಳಿಯೇ. ಹೊಗೆಯಿಲ್ಲ, ಕಿಡಿಯಿಲ್ಲ, ನೀರಿನಲ್ಲಿ ಮುಳುಗಿದರೆ ವಿದ್ಯುತ್ತಿನ ಆಘಾತವಿಲ್ಲ, ಕೈಯಲ್ಲಿ ಹಿಡಿಯುವ ಉಪಕರಣವು ಹಗುರ. ಈ ಗುಣಗಳಿಗಾಗಿ ಅದು ಇಂದಿಗೂ ಅನಿವಾರ್ಯವಾಗಿದೆ. ಆದಕಾರಣ ಗಾಳಿಯನ್ನು ತೊರೆಯಿರಿ ಎಂಬುದು ಇಲ್ಲಿಯ ಬೋಧನೆಯಲ್ಲ. ಅದು ಕಾರ್ಖಾನೆಯಲ್ಲಿ ಬಳಸುವ ಶಕ್ತಿರೂಪಗಳಲ್ಲೆಲ್ಲ ಅತ್ಯಂತ ದುಬಾರಿಯಾದುದೆಂಬುದನ್ನು ಮರೆಯದಿರಿ ಎಂಬುದಿಷ್ಟೆ.

ದುಬಾರಿಯೆಂಬುದಕ್ಕೆ ಕಾರಣವು ಭೌತಶಾಸ್ತ್ರದಲ್ಲಿಯೇ ಇದೆ. ಗಾಳಿಯನ್ನು ಒತ್ತಿದಾಗ ಅದು ಕಾಯುತ್ತದೆ. ಸೈಕಲ್ಲಿಗೆ ಪಂಪು ಹೊಡೆದವರಿಗೆಲ್ಲ ಗೊತ್ತಿರುವ ಸಂಗತಿ. ಗಾಳಿಯನ್ನು ಒತ್ತುವ ಯಂತ್ರವಾದ ಕಂಪ್ರೆಸರಿಗೆ ನಾವು ಕೊಟ್ಟ ವಿದ್ಯುತ್ತಿನ ಬಹುಭಾಗವು ಹೀಗೆ ಶಾಖವಾಗಿ ಪರಿಣಮಿಸಿ, ಕೂಲರಿನ ಮೂಲಕ ಹೊರಗೆ ಹೋಗುತ್ತದೆ. ಉಪಯೋಗದ ತಾಣವನ್ನು ಶಕ್ತಿಯಾಗಿ ಮುಟ್ಟುವುದು ನೂರಕ್ಕೆ ಹತ್ತರಿಂದ ಮೂವತ್ತು ಪಾಲು ಮಾತ್ರವೆಂದು, 2001ರ ಇಂಧನ ಸಂರಕ್ಷಣಾ ಅಧಿನಿಯಮಕ್ಕನುಸಾರವಾಗಿ 2002ರಲ್ಲಿ ಸ್ಥಾಪಿತವಾದ ಇಂಧನ ದಕ್ಷತಾ ಬ್ಯೂರೋದ ಕೈಪಿಡಿಗಳು ಗಣಿಸುತ್ತವೆ. ಒಂದು ಅಶ್ವಶಕ್ತಿಯ ಕೆಲಸವನ್ನು ಗಾಳಿಯ ಮೋಟಾರಿನಿಂದ ಮಾಡಿಸಬೇಕಾದರೆ ಕಂಪ್ರೆಸರ್ ಕೋಣೆಯಲ್ಲಿ ಏಳೆಂಟು ಅಶ್ವಶಕ್ತಿಯನ್ನು ಸುಡಬೇಕಾಗುತ್ತದೆ. ನೂರು ಅಶ್ವಶಕ್ತಿಯ ಒಂದು ಸಾಧಾರಣ ಸ್ಕ್ರೂ ಕಂಪ್ರೆಸರು ಸುಮಾರು 80 ಕಿಲೋವ್ಯಾಟ್ ವಿದ್ಯುತ್ತನ್ನು ಎಳೆಯುತ್ತ ವರ್ಷಕ್ಕೆ 6,000 ಗಂಟೆ ನಡೆಯಿತೆನ್ನಿ, 4,80,000 ಯೂನಿಟ್ಟಾಯಿತು. ಲೆಕ್ಕದ ಸೌಕರ್ಯಕ್ಕೆ ಯೂನಿಟ್ಟಿಗೆ ಎಂಟು ರೂಪಾಯಿಯೆಂದು ಹಿಡಿದರೆ 38 ಲಕ್ಷ ರೂಪಾಯಿಗಳಿಗೂ ಮಿಕ್ಕಿತು. ಯಂತ್ರದ ಇಡೀ ಆಯುಷ್ಯದ ವೆಚ್ಚವನ್ನು ಕೂಡಿ ನೋಡಿದರೆ ಅದರಲ್ಲಿ ಮುಕ್ಕಾಲು ಪಾಲಿನಷ್ಟು ವಿದ್ಯುತ್ತಿನದೇ. ಕೊಳ್ಳುವಾಗ ಹತ್ತು ಸಾವಿರ ರೂಪಾಯಿಗಾಗಿ ಒಂದು ವಾರ ಚೌಕಾಸಿ ಮಾಡುವ ಯಜಮಾನರು, ಕೊಂಡ ಮೇಲೆ ಪ್ರತಿವರ್ಷ ಹೋಗುವ ಲಕ್ಷಗಳನ್ನು ಕಣ್ಣೆತ್ತಿ ನೋಡದಿರುವುದು ನಮ್ಮ ಉದ್ಯಮಲೋಕದ ವಿಚಿತ್ರಗಳಲ್ಲೊಂದು.

ಹೀಗಿರಲಾಗಿ, ಮೊದಲು ಮಾಡಬೇಕಾದುದು ಅಳತೆ. ಅದಕ್ಕೆ ಬೆಲೆಬಾಳುವ ಉಪಕರಣಗಳೇನೂ ಬೇಡ. ಒಂದು ಕೈಗಡಿಯಾರವೂ ಒಂದು ರಜೆಯ ದಿನವೂ ಸಾಕು. ಭಾನುವಾರ, ಯಂತ್ರಗಳೆಲ್ಲ ನಿಂತು, ಗಾಳಿಯನ್ನು ಬೇಡುವವರು ಯಾರೂ ಇಲ್ಲದ ಹೊತ್ತಿನಲ್ಲಿ, ಕೊಳವೆಯ ಜಾಲದ ವಾಲ್ವುಗಳನ್ನೆಲ್ಲ ದಿನದಂತೆಯೇ ತೆರೆದಿಟ್ಟು ಕಂಪ್ರೆಸರನ್ನು ಚಾಲೂ ಮಾಡಿರಿ. ಅದು ಒತ್ತಡವನ್ನು ಮೇಲಿನ ಮಿತಿಗೆ ಏರಿಸಿ, ಲೋಡ್ ಬಿಟ್ಟು ಬರಿದೆ ತಿರುಗುತ್ತದೆ. ಸೋರಿಕೆಯಿಂದ ಒತ್ತಡವು ಕೆಳಗಿನ ಮಿತಿಗೆ ಇಳಿದೊಡನೆ ಮತ್ತೆ ಲೋಡ್ ಹಿಡಿಯುತ್ತದೆ. ಲೋಡಿನಲ್ಲಿ ನಡೆದ ಕಾಲವನ್ನೂ ಲೋಡ್ ಇಲ್ಲದೆ ನಡೆದ ಕಾಲವನ್ನೂ ಐದಾರು ಆವರ್ತನಗಳವರೆಗೆ ಬರೆದುಕೊಂಡು ಸರಾಸರಿ ತೆಗೆಯಬೇಕು. ಲೋಡಿನ ಕಾಲ ಒಂದೂವರೆ ನಿಮಿಷ, ಲೋಡ್ ಇಲ್ಲದ ಕಾಲ ನಾಲ್ಕೂವರೆ ನಿಮಿಷ ಎಂದು ಬಂದರೆ, ಆರು ನಿಮಿಷಗಳಲ್ಲಿ ಒಂದೂವರೆ ನಿಮಿಷ ಆ ಯಂತ್ರವು ದುಡಿದುದು ಬರಿಯ ತೂತುಗಳಿಗಾಗಿ. ಅರ್ಥಾತ್ ಅದರ ಸಾಮರ್ಥ್ಯದ ನೂರಕ್ಕೆ ಇಪ್ಪತ್ತೈದು ಪಾಲು ಸೋರಿಕೆ. ಅಳತೆ ಮಾಡದ ಕಾರ್ಖಾನೆಗಳಲ್ಲಿ ಇಪ್ಪತ್ತರಿಂದ ಮೂವತ್ತು ಪಾಲು ಸೋರುವುದು ಸಾಮಾನ್ಯ. ಚೆನ್ನಾಗಿ ನೋಡಿಕೊಂಡರೆ ಅದನ್ನು ಹತ್ತಕ್ಕಿಂತ ಕೆಳಗೆ ಇಳಿಸಬಹುದು. ಪೂರ್ಣವಾಗಿ ನಿಲ್ಲಿಸುತ್ತೇನೆಂಬ ಛಲವು ಬೇಡ. ಕೊನೆಯ ಒಂದೆರಡು ಪಾಲನ್ನು ಹಿಡಿಯುವ ಶ್ರಮಕ್ಕೆ ಅದರಿಂದ ದೊರೆಯುವ ಫಲವು ಸಾಲದು.

ಸೋರಿಕೆಯ ತೂತು ಎಷ್ಟು ದೊಡ್ಡದಾಗಿರಬೇಕು? ಏಳು ಬಾರ್ ಒತ್ತಡದ ಕೊಳವೆಯಲ್ಲಿ ಮೂರು ಮಿಲಿಮೀಟರಿನ ಒಂದೇ ರಂಧ್ರವು ಕಂಪ್ರೆಸರಿನಲ್ಲಿ ಮೂರು ಕಿಲೋವ್ಯಾಟಿಗೆ ಕಡಮೆಯಿಲ್ಲದ ಹೊರೆಯನ್ನು ಹೇರುತ್ತದೆ. ಹಗಲೂ ರಾತ್ರಿಯೂ ನಡೆಯುವ ಕಾರ್ಖಾನೆಯಲ್ಲಿ, ವರ್ಷಕ್ಕೆ 8,000 ಗಂಟೆಯ ಲೆಕ್ಕದಲ್ಲಿ, 24,000 ಯೂನಿಟ್ಟುಗಳು ಆ ರಂಧ್ರದ ಮೂಲಕ ಬಯಲಿಗೆ ಹೋಗುತ್ತವೆ. ಮೇಲೆ ಹಿಡಿದ ದರದಲ್ಲಿ ಎರಡು ಲಕ್ಷ ರೂಪಾಯಿಗೆ ಕೊಂಚ ಕಡಮೆ. ಅದನ್ನು ಮುಚ್ಚುವುದಕ್ಕೆ ಬೇಕಾದುದು ಬಹುಮಟ್ಟಿಗೆ ಒಂದು ಹೊಸ ಕ್ಲಾಂಪು, ಒಂದು ಸುತ್ತು ಟೆಫ್ಲಾನ್ ಟೇಪು, ಇಲ್ಲವೆ ಸ್ಪ್ಯಾನರಿನ ಒಂದು ತಿರುವು.

ಹುಡುಕುವ ಕೆಲಸವನ್ನು ಕೋಣೆಯಲ್ಲಿ ಕುಳಿತ ಎಂಜಿನಿಯರಿಗಿಂತ ಅದೇ ಯಂತ್ರದ ಮುಂದೆ ವರ್ಷಗಟ್ಟಲೆ ನಿಂತ ಕೆಲಸಗಾರನು ಚೆನ್ನಾಗಿ ಮಾಡಬಲ್ಲನು. ಸೋರಿಕೆಯು ಉದ್ದನೆಯ ಕಬ್ಬಿಣದ ಕೊಳವೆಯಲ್ಲಿ ಕಾಣುವುದು ಅಪರೂಪ. ಕೊಳವೆಯು ಯಂತ್ರವನ್ನು ಸೇರುವ ಕೊನೆಯ ಮೂರು ನಾಲ್ಕು ಮಾರುಗಳಲ್ಲಿ, ಫಿಲ್ಟರ್, ರೆಗ್ಯುಲೇಟರ್, ಎಣ್ಣೆಯ ಬಟ್ಟಲುಗಳ ಜೋಡಣೆಯಲ್ಲಿ, ಕ್ವಿಕ್ ಕಪ್ಲರುಗಳಲ್ಲಿ, ಹೋಸ್ ಪೈಪಿನ ಕ್ಲಾಂಪಿನಡಿಯಲ್ಲಿ, ತಂತಿ ಸುತ್ತಿ ಬಿಗಿದ ಹಳೆಯ ಜೋಡುಗಳಲ್ಲಿ, ಸಿಲಿಂಡರುಗಳ ಸವೆದ ಸೀಲುಗಳಲ್ಲಿ ಅದರ ನೆಲೆ. ನಿಂತುಹೋದ ಹಳೆಯ ಯಂತ್ರಗಳಿಗೆ ಇನ್ನೂ ಗಾಳಿ ಹೋಗುತ್ತಿರುವುದೂ ಉಂಟು. ಯಂತ್ರವನ್ನು ಗುಜರಿಗೆ ಹಾಕಿದರೂ ಅದರ ಕೊಳವೆಯ ಕವಲನ್ನು ಕತ್ತರಿಸಿ ಮುಚ್ಚುವ ನೆನಪು ಯಾರಿಗೂ ಬಂದಿರುವುದಿಲ್ಲ. ಸದ್ದಿಲ್ಲದ ಹೊತ್ತಿನಲ್ಲಿ ಕಿವಿಯೇ ಮೊದಲ ಉಪಕರಣ. ಸಂದೇಹ ಬಂದೆಡೆ ಸಾಬೂನಿನ ನೀರನ್ನು ಕುಂಚದಿಂದ ಬಳಿದರೆ ಗುಳ್ಳೆಗಳು ಸಾಕ್ಷಿ ಹೇಳುತ್ತವೆ. ಕೆಲಸ ನಡೆಯುತ್ತಿರುವಾಗಲೇ ಹುಡುಕಬೇಕಾದರೆ ಮನುಷ್ಯನ ಕಿವಿಗೆ ನಿಲುಕದ ಸೋರಿಕೆಯ ಧ್ವನಿಯನ್ನು ಹಿಡಿಯುವ ಅಲ್ಟ್ರಾಸೋನಿಕ್ ಪತ್ತೆಯಂತ್ರಗಳಿವೆ. ಹತ್ತಿರದ ನಾಲ್ಕು ಕಾರ್ಖಾನೆಗಳು ಕೂಡಿ ಒಂದನ್ನು ಕೊಂಡು ಸರದಿಯಂತೆ ಬಳಸಬಹುದು. ಕೈಯನ್ನಡ್ಡವಿಟ್ಟು ಹುಡುಕುವುದು ಮಾತ್ರ ಸರ್ವಥಾ ಕೂಡದು: ಒತ್ತಡದ ಗಾಳಿಯು ಚರ್ಮವನ್ನು ಭೇದಿಸಬಲ್ಲುದು. ಕಂಡ ಪ್ರತಿಯೊಂದು ಸೋರಿಕೆಗೂ ಕೆಂಪು ಚೀಟಿಯೊಂದನ್ನು ಕಟ್ಟಿ, ಕಟ್ಟಿದ ತಾರೀಖನ್ನು ಬರೆದು, ಸರಿಪಡಿಸಿದ ಮೇಲೆಯೇ ಬಿಚ್ಚುವ ಪದ್ಧತಿಯನ್ನಿಟ್ಟರೆ, ಮೂರು ತಿಂಗಳು ಅಲ್ಲಿಯೇ ನೇತಾಡುವ ಚೀಟಿಯು ಮೇಲ್ವಿಚಾರಕನಿಗೆ ತಾನೇ ಮುಜುಗರವನ್ನುಂಟುಮಾಡುತ್ತದೆ. ಸೋರಿಕೆಯು ಒಮ್ಮೆ ಮುಚ್ಚಿದರೆ ತೀರಿತೆಂಬ ವಸ್ತುವಲ್ಲ, ಕಳೆಯಂತೆ ಮತ್ತೆ ಹುಟ್ಟುತ್ತದೆ; ಭಾನುವಾರದ ಆ ಗಡಿಯಾರದ ಪರೀಕ್ಷೆಯನ್ನು ಎರಡು ಮೂರು ತಿಂಗಳಿಗೊಮ್ಮೆ ಮಾಡುತ್ತಿರಬೇಕು.

ಸೋರಿಕೆಯಷ್ಟೇ ನಷ್ಟವನ್ನುಂಟುಮಾಡಿಯೂ ಅದಕ್ಕಿಂತ ಹೆಚ್ಚು ಗೌರವದಿಂದ ನಡೆದುಕೊಂಡು ಬರುವ ಇನ್ನೊಂದು ದೋಷವುಂಟು, ಅದೇ ಅಧಿಕ ಒತ್ತಡ. ಯಾವುದೋ ಮೂಲೆಯ ಯಂತ್ರದವನು ಗಾಳಿ ಸಾಲದೆಂದು ದೂರುತ್ತಾನೆ. ಕಂಪ್ರೆಸರ್ ಕೋಣೆಯವನು ಆರರಿಂದ ಏಳಕ್ಕೆ, ಏಳರಿಂದ ಎಂಟಕ್ಕೆ ಮುಳ್ಳನ್ನು ಏರಿಸುತ್ತಾನೆ. ದೂರು ನಿಲ್ಲುತ್ತದೆ, ಮುಳ್ಳು ಅಲ್ಲಿಯೇ ನಿಲ್ಲುತ್ತದೆ. ಏರಿಸಿದ ಒಂದೊಂದು ಬಾರಿಗೂ ಕಂಪ್ರೆಸರಿನ ವಿದ್ಯುತ್ತು ನೂರಕ್ಕೆ ಆರೇಳು ಪಾಲಿನಂತೆ ಏರುತ್ತದೆಂಬುದು ಒಂದು ಕಡೆ. ಒತ್ತಡ ಹೆಚ್ಚಿದಂತೆ ಪ್ರತಿಯೊಂದು ತೂತಿನಿಂದ ಹೊರಡುವ ಗಾಳಿಯೂ, ರೆಗ್ಯುಲೇಟರ್ ಇಲ್ಲದ ಪ್ರತಿಯೊಂದು ಉಪಕರಣವು ಕುಡಿಯುವ ಗಾಳಿಯೂ ಅದೇ ಪ್ರಮಾಣದಲ್ಲಿ ಹೆಚ್ಚುತ್ತದೆಂಬುದು ಇನ್ನೊಂದು ಕಡೆ. ಸೋರಿಕೆಯನ್ನು ಹಾಗೆಯೇ ಬಿಟ್ಟು ಒತ್ತಡವನ್ನು ಏರಿಸುವುದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಬಹುಪಾಲು ಗಾಳಿಯ ಉಪಕರಣಗಳು ತಮ್ಮ ಬಾಯಿಯಲ್ಲಿ ಆರು ಬಾರ್ ದೊರೆತರೆ ತೃಪ್ತವಾಗುತ್ತವೆ. ದೂರು ಬಂದಾಗ ಮಾಡಬೇಕಾದುದು, ಆ ಯಂತ್ರದ ಬಾಯಿಯಲ್ಲಿ ಒಂದು ಗೇಜನ್ನಿಟ್ಟು, ಅದು ಕೆಲಸ ಮಾಡುತ್ತಿರುವಾಗ ಮುಳ್ಳು ಎಲ್ಲಿಗೆ ಇಳಿಯುತ್ತದೆಂಬುದನ್ನು ನೋಡುವುದು. ನಿಂತಾಗ ಏಳು, ದುಡಿಯುವಾಗ ನಾಲ್ಕು ಎಂದು ತೋರಿದರೆ ಕಂಪ್ರೆಸರು ನಿರಪರಾಧಿ; ಕಟ್ಟಿಕೊಂಡ ಫಿಲ್ಟರೋ, ತೀರ ಸಣ್ಣದಾದ ಹೋಸ್ ಪೈಪೋ, ಅರ್ಧ ತೆರೆದ ವಾಲ್ವೋ ತಪ್ಪಿತಸ್ಥ. ಅದನ್ನು ಸರಿಪಡಿಸಿ, ಆ ಬಳಿಕ ಕೇಂದ್ರದ ಒತ್ತಡವನ್ನು ವಾರಕ್ಕೆ ಕಾಲು ಬಾರಿನಂತೆ ಇಳಿಸುತ್ತ ಬಂದು, ನಿಜವಾದ ದೂರು ಬಂದೊಡನೆ ಒಂದು ಮೆಟ್ಟಿಲು ಹಿಂದಕ್ಕೆ ಬಂದು ನಿಲ್ಲಬಹುದು. ಒಂದೇ ಒಂದು ಯಂತ್ರಕ್ಕಾಗಿ ಇಡೀ ಕಾರ್ಖಾನೆಯನ್ನು ಎಂಟು ಬಾರಿನಲ್ಲಿಡುವುದಕ್ಕಿಂತ ಆ ಯಂತ್ರದ ಬಳಿ ಒಂದು ಬೂಸ್ಟರನ್ನೋ, ದೊಡ್ಡ ಸಿಲಿಂಡರನ್ನೋ ಹಾಕುವುದು ವಿವೇಕ.

ಇನ್ನು, ಗಾಳಿಯಿಂದ ಮಾಡಬಾರದ ಕೆಲಸಗಳನ್ನು ಗಾಳಿಯಿಂದ ಮಾಡಿಸುವ ಚಟ. ನೆಲ ಗುಡಿಸುವುದು, ಬೆವರಿದ ಮೈಗೆ ಗಾಳಿ ಹಾಕಿಕೊಳ್ಳುವುದು, ಬಿಸಿಯಾದ ವಿದ್ಯುತ್ ಪೆಟ್ಟಿಗೆಯನ್ನು ತಂಪು ಮಾಡುವುದು, ತೊಟ್ಟಿಯ ದ್ರವವನ್ನು ಕದಡುವುದು. ಇವುಗಳಿಗೆ ಪೊರಕೆಯೂ ಫ್ಯಾನೂ ಬ್ಲೋಯರೂ ಕದಡುವ ಮೋಟಾರೂ ಇರುವಾಗ ಏಳು ಬಾರಿನ ಗಾಳಿಯನ್ನು ಚೆಲ್ಲುವುದಕ್ಕೆ ಯಾವ ಸಮರ್ಥನೆಯೂ ಇಲ್ಲ. ಸಂಜೆಯ ಪಾಳಿ ಮುಗಿದಾಗ ಬಟ್ಟೆಯ ಧೂಳನ್ನು ಏರ್ ಗನ್ನಿನಿಂದ ಹಾರಿಸಿಕೊಳ್ಳುವ ಅಭ್ಯಾಸವು ನಷ್ಟದ ಮಾತನ್ನು ಬಿಟ್ಟರೂ ಅಪಾಯಕರ. ಕಣ್ಣಿಗೆ, ಕಿವಿಗೆ ಅದರಿಂದ ಆಗುವ ಹಾನಿ ಮರಳಿ ಸರಿಹೋಗುವಂಥದಲ್ಲ. ಕೆಲಸಕ್ಕೆ ಊದುವುದು ಬೇಕೇ ಬೇಕಾದೆಡೆ, ತೆರೆದ ಕೊಳವೆಯ ತುದಿಯನ್ನು ಬಿಟ್ಟು, ಸುತ್ತಲಿನ ಗಾಳಿಯನ್ನೂ ತನ್ನೊಡನೆ ಸೆಳೆದುಕೊಳ್ಳುವ ವೆಂಚುರಿ ಜಾತಿಯ ನಾಜಲ್ ಹಾಕಿದರೆ ಅರ್ಧದಷ್ಟು ಗಾಳಿಯಿಂದ ಅದೇ ಕೆಲಸವಾಗುವುದುಂಟು, ಸದ್ದೂ ತಗ್ಗುತ್ತದೆ. ಏರ್‌ಜೆಟ್ ಮಗ್ಗವುಳ್ಳವರ ಪರಿಸ್ಥಿತಿ ಬೇರೆ: ಅಲ್ಲಿ ಗಾಳಿಯೇ ಲಾಳಿಯಾದುದರಿಂದ ಅದನ್ನು ನಿಲ್ಲಿಸಲಾಗದು, ಆದರೆ ನೂಲಿನ ಅಂಕಕ್ಕೆ ತಕ್ಕಂತೆ ನಾಜಲ್ಲುಗಳು ಊದುವ ಕಾಲವನ್ನು ಹೊಂದಿಸುವುದು, ನಿಂತ ಮಗ್ಗದ ಗಾಳಿಯನ್ನು ಮುಚ್ಚುವುದು, ಇವೆರಡರಿಂದಲೇ ಬಿಲ್ಲಿನಲ್ಲಿ ಕಣ್ಣಿಗೆ ಕಾಣುವ ವ್ಯತ್ಯಾಸವಾಗುತ್ತದೆ.

ಕೊಳವೆಯ ವಿಷಯವು ಒಂದೆರಡು ಮಾತಿನಲ್ಲಿ ಮುಗಿಯುವಂಥದು. ಕಂಪ್ರೆಸರಿನಿಂದ ಅತ್ಯಂತ ದೂರದ ಯಂತ್ರದವರೆಗೆ ಒತ್ತಡದ ಇಳಿತವು ಅರ್ಧ ಬಾರಿಗೆ ಮಿಕ್ಕಿದರೆ ಕೊಳವೆಯು ಸಣ್ಣದೆಂದೇ ತಿಳಿಯಬೇಕು. ಕಾರ್ಖಾನೆಯು ಬೆಳೆದಂತೆಲ್ಲ ಹಳೆಯ ಅರ್ಧ ಅಂಗುಲದ ಲೈನಿಗೇ ಹೊಸ ಯಂತ್ರವನ್ನು ತಗುಲಿಸುತ್ತ ಹೋಗುವುದು ನಮ್ಮವರ ರೂಢಿ. ಅದರ ಬದಲು ಮುಖ್ಯ ಕೊಳವೆಯನ್ನು ಬಳೆಯಾಕಾರವಾಗಿ ಶೆಡ್ಡಿನ ಸುತ್ತ ಒಯ್ದು ಎರಡು ದಿಕ್ಕಿನಿಂದಲೂ ಗಾಳಿ ಬರುವಂತೆ ಮಾಡಿ, ಕವಲುಗಳನ್ನು ಕೊಳವೆಯ ಮೇಲ್ಭಾಗದಿಂದ ತೆಗೆದರೆ, ಒತ್ತಡವೂ ಸಮವಾಗಿರುತ್ತದೆ, ನೀರೂ ಯಂತ್ರಕ್ಕೆ ಇಳಿಯದು. ಒಮ್ಮೆಲೆ ಬಹಳ ಗಾಳಿಯನ್ನು ಎಳೆದು ಸುಮ್ಮನಾಗುವ ಯಂತ್ರದ ಸಮೀಪದಲ್ಲಿ ಗಾಳಿಯನ್ನು ಕೂಡಿಡುವ ಒಂದು ಚಿಕ್ಕ ರಿಸೀವರನ್ನಿಟ್ಟರೆ ಆ ಎಳೆತವು ಕಂಪ್ರೆಸರನ್ನು ಬೆಚ್ಚಿಬೀಳಿಸುವುದಿಲ್ಲ. ರಿಸೀವರು ಒತ್ತಡದ ಪಾತ್ರೆಯೆಂಬುದನ್ನು, ಕಾನೂನು ಅದಕ್ಕೆ ಪರೀಕ್ಷೆಯ ಕಟ್ಟಳೆಗಳನ್ನು ವಿಧಿಸಿದೆಯೆಂಬುದನ್ನು ಮರೆತು, ಹಳೆಯ ಡ್ರಮ್ಮಿಗೆ ವೆಲ್ಡಿಂಗ್ ಮಾಡಿ ಕೂರಿಸುವ ಜಾಣತನವು ಬೇಡ.

ಕಂಪ್ರೆಸರ್ ಕೋಣೆಗೆ ಬರೋಣ. ಸಾಮಾನ್ಯವಾಗಿ ಅದು ಕಾರ್ಖಾನೆಯ ಹಿಂಬದಿಯ, ತಗಡಿನ ಮಾಡಿನ, ಕಿಟಕಿಯಿಲ್ಲದ ಒಂದು ಕತ್ತಲೆಯ ಮೂಲೆ. ಯಂತ್ರವು ಉಗುಳಿದ ಬಿಸಿಗಾಳಿಯನ್ನು ಯಂತ್ರವೇ ಮತ್ತೆ ಉಸಿರಾಡುವ ಸ್ಥಳ. ಒಳಹೋಗುವ ಗಾಳಿಯ ಉಷ್ಣತೆಯು ನಾಲ್ಕು ಡಿಗ್ರಿ ಸೆಲ್ಸಿಯಸ್ ಏರಿದಂತೆಲ್ಲ, ಅಷ್ಟೇ ಗಾಳಿಯನ್ನು ಕೊಡುವುದಕ್ಕೆ ನೂರಕ್ಕೆ ಒಂದು ಪಾಲು ಹೆಚ್ಚು ವಿದ್ಯುತ್ತು ಬೇಕು. ಹಿಂದೂಪುರದ ಏಪ್ರಿಲ್ ತಿಂಗಳಲ್ಲಿ ಹೊರಗಿನ ನೆರಳಿಗಿಂತ ಹನ್ನೆರಡು ಡಿಗ್ರಿ ಬಿಸಿಯಾಗಿರುವ ಕೋಣೆಯು ಏನನ್ನೂ ಮಾಡದೆ ಮೂರು ಪಾಲನ್ನು ತಿಂದುಹಾಕುತ್ತದೆ. ಉತ್ತರದ ಗೋಡೆಯಿಂದ ನೆರಳಿನ ಗಾಳಿಯನ್ನು ತರುವ ಒಂದು ತಗಡಿನ ನಾಳವೂ, ಬಿಸಿಗಾಳಿಯನ್ನು ಮಾಡಿನ ಹೊರಗೆ ಒಯ್ಯುವ ಇನ್ನೊಂದು ನಾಳವೂ ಅದನ್ನು ಉಳಿಸುತ್ತವೆ. ಈ ಸೀಮೆಯ ಧೂಳು ಪ್ರಸಿದ್ಧವಾದುದು. ಕಲ್ಲುಗಣಿ, ಕ್ರಷರುಗಳ ನೆರೆಯಲ್ಲಿರುವವರು ತಯಾರಕರ ಪುಸ್ತಕದಲ್ಲಿ ಬರೆದ ಅವಧಿಯನ್ನೇ ನಂಬಿ ಕುಳಿತರೆ ಫಿಲ್ಟರು ಅದಕ್ಕೆ ಎಷ್ಟೋ ಮೊದಲೇ ಕಟ್ಟಿಕೊಂಡಿರುತ್ತದೆ. ಕಟ್ಟಿದ ಫಿಲ್ಟರಿನ ಅಡ್ಡಿಯು 250 ಮಿಲಿಮೀಟರ್ ನೀರಿನ ಎತ್ತರದಷ್ಟಾದರೆ ನೂರಕ್ಕೆ ಎರಡು ಪಾಲು ವಿದ್ಯುತ್ತು ಹೆಚ್ಚಾಗುತ್ತದೆ.

ಗಾಳಿಯೊಡನೆ ಬರುವ ತೇವವನ್ನು ಹೊರಹಾಕುವ ಡ್ರೈನುಗಳೂ ಒಂದು ಗುಪ್ತವಾದ ಬಾಯಿ. ಇಷ್ಟು ನಿಮಿಷಕ್ಕೊಮ್ಮೆ ತೆರೆಯುವಂತೆ ಟೈಮರ್ ಇಟ್ಟ ಡ್ರೈನು, ಮಳೆಗಾಲದ ತೇವಕ್ಕೆಂದು ಹೊಂದಿಸಿದುದು, ಮಾರ್ಚ್ ತಿಂಗಳ ಒಣಹವೆಯಲ್ಲಿ ನೀರಿಲ್ಲದೆ ಬರಿಯ ಗಾಳಿಯನ್ನೇ ಉಗುಳುತ್ತಿರುತ್ತದೆ. ನೀರಿನ ಮಟ್ಟವನ್ನು ನೋಡಿ ತೆರೆಯುವ ಡ್ರೈನಿಗೆ ಬದಲಾಯಿಸಿದರೆ ಆ ನಷ್ಟವಿಲ್ಲ. ಡ್ರೈಯರಿನ ವಿಷಯದಲ್ಲಿ ಅತಿಶುಷ್ಕತೆಯ ಮೋಹವನ್ನು ಬಿಡಬೇಕು. ಸಾಮಾನ್ಯ ಯಂತ್ರಗಳಿಗೆ ಮೂರು ಡಿಗ್ರಿಯವರೆಗೆ ತಣಿಸಿ ನೀರು ತೆಗೆಯುವ ರೆಫ್ರಿಜರೇಟೆಡ್ ಡ್ರೈಯರು ಸಾಕು. ಶಾಖವಿಲ್ಲದೆ ನಡೆಯುವ ಡೆಸಿಕ್ಯಾಂಟ್ ಡ್ರೈಯರು ತನ್ನನ್ನು ತಾನು ಒಣಗಿಸಿಕೊಳ್ಳುವುದಕ್ಕಾಗಿಯೇ ಸಿದ್ಧವಾದ ಗಾಳಿಯಲ್ಲಿ ನೂರಕ್ಕೆ ಹತ್ತರಿಂದ ಹದಿನೈದು ಪಾಲನ್ನು ಹೊರಗೆ ಬಿಡುತ್ತದೆ, ಔಷಧ ಕಾರ್ಖಾನೆಯಂಥ ಕಡೆಗಳಲ್ಲಿ ಮಾತ್ರ ಅದು ನ್ಯಾಯ.

ಯಂತ್ರವನ್ನು ನಡೆಸುವ ಕ್ರಮದಲ್ಲಿಯೂ ಎಚ್ಚರ ಬೇಕು. ಸ್ಕ್ರೂ ಕಂಪ್ರೆಸರು ಲೋಡ್ ಇಲ್ಲದೆ ಸುಮ್ಮನೆ ತಿರುಗುವಾಗಲೂ ಪೂರ್ಣಲೋಡಿನ ಕಾಲುಭಾಗಕ್ಕೆ ಕಡಮೆಯಿಲ್ಲದ ವಿದ್ಯುತ್ತನ್ನು ಎಳೆಯುತ್ತಿರುತ್ತದೆ, ಗಾಳಿಯನ್ನು ಮಾತ್ರ ಒಂದು ಲೀಟರೂ ಕೊಡುವುದಿಲ್ಲ. ಎರಡು ಮೂರು ಯಂತ್ರಗಳಿರುವೆಡೆ ಎಲ್ಲವನ್ನೂ ಅರ್ಧ ಅರ್ಧ ನಡೆಸದೆ, ಕೆಲವನ್ನು ಪೂರ್ಣಲೋಡಿನಲ್ಲಿಟ್ಟು, ಏರಿಳಿತವನ್ನು ಒಂದಕ್ಕೆ ಮಾತ್ರ ವಹಿಸಬೇಕು. ಆ ಒಂದಕ್ಕೆ ವೇಗವನ್ನು ಬದಲಿಸುವ ಡ್ರೈವ್ ಹಾಕಿದರೆ ಅದು ಸಾರ್ಥಕ. ಆದರೆ ಹಗಲಿರುಳೂ ಪೂರ್ಣಲೋಡಿನಲ್ಲೇ ನಡೆಯುವ ಯಂತ್ರಕ್ಕೆ ಅಂಥ ಡ್ರೈವನ್ನು ಮಾರಲು ಬಂದವನ ಮಾತನ್ನು ನಂಬಬೇಡಿ. ಅಲ್ಲಿ ಆ ಡ್ರೈವು ತಾನೇ ವಿದ್ಯುತ್ತಿನಲ್ಲಿ ನೂರಕ್ಕೆ ಮೂರು ನಾಲ್ಕು ಪಾಲನ್ನು ತಿನ್ನುತ್ತದೆ. ಯಂತ್ರದಿಂದ ಶಾಖವಾಗಿ ಹೊರಬೀಳುವ ಶಕ್ತಿಯಲ್ಲಿ ಬಹುಭಾಗವನ್ನು ಬಿಸಿನೀರಾಗಿ ಹಿಡಿಯಬಹುದು. ಎಣ್ಣೆಯ ಮಾರ್ಗದಲ್ಲಿ ಒಂದು ಶಾಖವಿನಿಮಯಕವನ್ನು ಸೇರಿಸಿದರೆ 60-70 ಡಿಗ್ರಿಯ ನೀರು ದೊರೆಯುತ್ತದೆ. ಬಾಯ್ಲರಿಗೆ ಹೋಗುವ ನೀರನ್ನು ಮುಂಗಾಯಿಸುವುದಕ್ಕೂ, ಬಣ್ಣದ ಮನೆಯ ತೊಟ್ಟಿಗಳಿಗೂ, ಕಾರ್ಮಿಕರ ಊಟದ ಮನೆಗೂ ಅದು ಬಂದೀತು. ಉಪಯೋಗಿಸುವ ಸ್ಥಳ ಹತ್ತಿರದಲ್ಲಿಲ್ಲದಿದ್ದರೆ ಮಾತ್ರ ಈ ಯೋಜನೆಗೆ ಕೈಹಾಕದಿರುವುದೇ ಲೇಸು.

ಇಷ್ಟೆಲ್ಲ ಆದಮೇಲೂ ಗಾಳಿ ಸಾಲದೆಂದು ತೋರಿದರೆ, ಹೊಸ ಕಂಪ್ರೆಸರಿನ ಮಾತಿಗೆ ಮೊದಲು, ಇರುವ ಕಂಪ್ರೆಸರು ತನ್ನ ಫಲಕದಲ್ಲಿ ಬರೆದಷ್ಟನ್ನು ಈಗಲೂ ಕೊಡುತ್ತಿದೆಯೇ ಎಂದು ಪರೀಕ್ಷಿಸಬೇಕು. ರಿಸೀವರಿನಿಂದ ಕಾರ್ಖಾನೆಗೆ ಹೋಗುವ ವಾಲ್ವನ್ನು ಮುಚ್ಚಿ, ಒಳಗಿನ ಗಾಳಿಯನ್ನೂ ನೀರನ್ನೂ ಪೂರ್ಣವಾಗಿ ಹೊರಬಿಟ್ಟು, ಕಂಪ್ರೆಸರನ್ನು ಲೋಡಿನಲ್ಲಿ ನಡೆಸಿ, ಸೊನ್ನೆಯಿಂದ ಏಳು ಬಾರಿಗೆ ಎಷ್ಟು ನಿಮಿಷದಲ್ಲಿ ಏರಿತೆಂದು ನೋಡಿರಿ. ಏರಿದ ಒತ್ತಡವನ್ನು ಊರಿನ ವಾತಾವರಣದ ಒತ್ತಡದಿಂದ ಭಾಗಿಸಿ, ರಿಸೀವರು ಮತ್ತು ಅದರವರೆಗಿನ ಕೊಳವೆಯ ಒಟ್ಟು ಗಾತ್ರದಿಂದ ಗುಣಿಸಿ, ನಿಮಿಷಗಳಿಂದ ಭಾಗಿಸಿದರೆ ಯಂತ್ರವು ನಿಮಿಷಕ್ಕೆ ಎಳೆದುಕೊಳ್ಳುವ ಹೊರಗಾಳಿಯ ಪ್ರಮಾಣವು ಸಿಕ್ಕುತ್ತದೆ. ಗಾತ್ರವು ಮೂರು ಘನಮೀಟರು, ಕಾಲವು ನಾಲ್ಕು ನಿಮಿಷವೆಂದಾದರೆ, ಹಿಂದೂಪುರದ ವಾತಾವರಣದ ಒತ್ತಡವಾದ 0.94 ಬಾರನ್ನು ಹಿಡಿದು, ನಿಮಿಷಕ್ಕೆ 5.6 ಘನಮೀಟರು, ಫಲಕವು ಏಳು ಎಂದು ಹೇಳುತ್ತಿದ್ದರೆ ಯಂತ್ರವು ತನ್ನ ಐದನೆಯ ಒಂದು ಪಾಲನ್ನು ಕಳೆದುಕೊಂಡಿದೆ. ರಿಸೀವರಿನೊಳಗಿನ ಗಾಳಿಯು ಹೊರಗಿನದಕ್ಕಿಂತ ಬಿಸಿಯಾಗಿದ್ದರೆ ನಿಜವಾದ ಅಂಕಿಯು ಇನ್ನೂ ಕೊಂಚ ಕಡಮೆ. ಸವೆದ ರಿಂಗುಗಳು, ಮುರಿದ ವಾಲ್ವಿನ ಪ್ಲೇಟುಗಳು, ಕಟ್ಟಿದ ಕೂಲರು, ಇವುಗಳ ದುರಸ್ತಿಗೆ ಆಗುವ ಖರ್ಚು ಹೊಸ ಯಂತ್ರದ ಬೆಲೆಯ ಮುಂದೆ ಅತ್ಯಲ್ಪ.

ಕೊಳ್ಳುವುದೇ ನಿಶ್ಚಯವಾದರೆ, ಆಗಲೂ ಅಶ್ವಶಕ್ತಿಯನ್ನು ಕೇಳಿ ಕೊಳ್ಳದೆ, ಗೊತ್ತಾದ ಒತ್ತಡದಲ್ಲಿ ನಿಮಿಷಕ್ಕೆ ಒಂದು ಘನಮೀಟರ್ ಗಾಳಿ ಕೊಡಲು ಫ್ಯಾನು ಮೊದಲಾದವುಗಳೂ ಸೇರಿ ಎಷ್ಟು ಕಿಲೋವ್ಯಾಟ್ ಬೇಕೆಂಬ ಅಂಕಿಯನ್ನು ಮಾರುವವರಿಂದ ಬರೆಯಿಸಿಕೊಳ್ಳಬೇಕು. ಲೋಡ್ ಇಲ್ಲದಾಗ ಎಳೆಯುವ ಕಿಲೋವ್ಯಾಟನ್ನೂ ಅದರ ಪಕ್ಕದಲ್ಲಿಯೇ ಬರೆಯಿಸಬೇಕು. ಅದರೊಡನೆ ಊರಿನ ಎತ್ತರವನ್ನೂ ಆರ್ಡರಿನಲ್ಲಿ ನಮೂದಿಸುವುದು ಅವಶ್ಯ. ಹಿಂದೂಪುರವು ಸಮುದ್ರಮಟ್ಟದಿಂದ 620 ಮೀಟರಿನಷ್ಟು ಮೇಲಿದೆ. ಇಲ್ಲಿಯ ಗಾಳಿಯು ಚೆನ್ನೈಯ ಗಾಳಿಗಿಂತ ನೂರಕ್ಕೆ ಆರೇಳು ಪಾಲು ತೆಳುವಾದುದರಿಂದ, ಕಡಲತೀರದ ಅಂಕಿಗಳನ್ನು ನಂಬಿ ಬಿಗಿಯಾಗಿ ಆರಿಸಿದ ಯಂತ್ರವು ಇಲ್ಲಿ ಅಷ್ಟರಮಟ್ಟಿಗೆ ಕೊರತೆಯನ್ನು ತೋರಿಸುತ್ತದೆ, ಮತ್ತು ಆ ಕೊರತೆಯನ್ನು ಯಾರೋ ಒಬ್ಬರು ಒತ್ತಡದ ಮುಳ್ಳನ್ನು ಏರಿಸಿ ತುಂಬಲು ಹೊರಡುತ್ತಾರೆ.